ಸಮ ಅಂದ ಮೇಲೆ ಎರಡು ಯಾಕೆ?

ಅಭ್ಯಾಸ ಬೋಧನೆಯ ಮೂರನೇ ಪಾಠದಲ್ಲಿ ನಾನು ಜಾವಾದ ಈಕ್ವಲ್ಸ್ ಮಾತ್ರ ಬರೆಸಿ, ಹ್ಯಾಶ್‌ಕೋಡನ್ನು ಮುಂದಿನ ವಾರಕ್ಕೆ ಬಿಟ್ಟಿದ್ದೆ. ಒಂದೇ ವಿದ್ಯಾರ್ಥಿಯ ಎರಡು ಆಬ್ಜೆಕ್ಟ್‌ಗಳು ಸಮ ಎಂದು ಬಂತು. ಹ್ಯಾಶ್‌ಸೆಟ್‌ಗೆ ಹಾಕಿದರೆ ಎರಡೂ ಉಳಿದವು. "ಸಮ ಅಂದ್ರಲ್ಲ ಸರ್, ಮತ್ತೆ ಎರಡು ಯಾಕೆ?" ಎಂದು ಯಳಂದೂರು ಕಡೆಯ ಹುಡುಗಿ ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ.

ಸೆಟ್ ಮೊದಲು ನೋಡುವುದು ಹ್ಯಾಶ್ ಸಂಖ್ಯೆಯನ್ನು. ಅದೇ ಬೇರೆಯಾದರೆ ಈಕ್ವಲ್ಸನ್ನು ಕೇಳುವುದೇ ಇಲ್ಲ. ಪಠ್ಯ ಹೇಗೇ ಇರಲಿ, ಇವೆರಡನ್ನು ಬೇರ್ಪಡಿಸಿ ಕಲಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಹ್ಯಾಶ್‌ಗೆ ತಾಲ್ಲೂಕನ್ನೂ ಸೇರಿಸಿದರೆ? ಉದಾಹರಣೆಗೆ ದೂರ ಹೋಗಬೇಕಿಲ್ಲ; ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇತ್ತು. ಸೆಟ್‌ನೊಳಗಿರುವ ಆಬ್ಜೆಕ್ಟ್‌ನಲ್ಲಿ ತಾಲ್ಲೂಕನ್ನು ತಿದ್ದಿ ಹುಡುಕಿದರೆ, ವಿದ್ಯಾರ್ಥಿ ಒಳಗಿದ್ದೂ ಸಿಗುವುದಿಲ್ಲ. ದಾಖಲಾತಿ ಸಂಖ್ಯೆ ಬದಲಾಗದು. ಮುಂದಿನ ಸಲ ಎರಡನ್ನೂ ಅದರ ಮೇಲೆಯೇ, ಒಂದೇ ಪೀರಿಯಡ್‌ನಲ್ಲಿ ಬರೆಸುತ್ತೇನೆ.