ಗುಡ್ಡಕ್ಕೆ ಬಿದ್ದ ಬೆಂಕಿ, ಕೆರೆಗೆ ತುಂಬುವ ಹೂಳು

ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಶಿಕಾರಿಪುರ, ಸೊರಬದ ಗುಡ್ಡಗಳಲ್ಲಿ ಹೊಗೆ ಏಳುವುದು ಈಗ ಯಾರಿಗೂ ಸುದ್ದಿಯಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್ ಬಂತು, ನಾಡೆಲ್ಲ ಮಾತಾಡಿತು. ಇಲ್ಲಿ ಸಫಾರಿಯಿಲ್ಲ, ಕೇಳುವವರೂ ಕಡಿಮೆ. ಬೆಂಕಿಯೂ ನೆಲಮಟ್ಟದ್ದು. ದರಕು (ಉದುರಿದ ಒಣ ಎಲೆ), ಒಣಹುಲ್ಲು, ಎಳೆ ಸಸಿಗಳನ್ನು ನೆಕ್ಕಿಕೊಂಡು ಮುಂದೆ ಹೋಗುತ್ತದೆ. ಮತ್ತಿ, ಹೊನ್ನೆ, ತೇಗ ಬುಡ ಕಪ್ಪಾಗಿಸಿಕೊಂಡು ನಿಂತೇ ಇರುತ್ತವೆ. ರಸ್ತೆಯಿಂದ ನೋಡಿದವರಿಗೆ ಕಾಡು ಇದ್ದ ಹಾಗೇ ಇದೆ. ಲೆಕ್ಕ ತಪ್ಪುವುದು ಇಲ್ಲೇ. ಹೊದಿಕೆ ಕಳೆದುಕೊಂಡ ಇಳಿಜಾರಿನ ಮೇಲೆ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ರಪರಪನೆ ಹೊಡೆದಾಗ ನೀರು ಇಂಗುವುದಿಲ್ಲ. ಬೂದಿಯನ್ನೂ ಮೇಲ್ಮಣ್ಣನ್ನೂ ಎತ್ತಿಕೊಂಡು ಕರ‍್ರಗೆ ಹಳ್ಳಕ್ಕಿಳಿಯುತ್ತದೆ, ಹಳ್ಳ ಕೆರೆಗೆ ಬೀಳುತ್ತದೆ. ಆದ್ದರಿಂದ ಈ ಎರಡು ತಾಲ್ಲೂಕುಗಳ ಮಟ್ಟಿಗಾದರೂ ಕಾಡಿನ ಬೆಂಕಿಯನ್ನು ಅರಣ್ಯ ಇಲಾಖೆಯ ತಲೆನೋವೆಂದು ಬಿಡದೆ, ಕೆರೆಯ ಖರ್ಚಿನ ಬಾಬ್ತಿಗೆ ಸೇರಿಸಿ, ಕಾವಲನ್ನು ಊರವರಿಗೇ ಕೊಡಬೇಕು.

ಇದು ಕೆರೆಗಳ ಸೀಮೆ. ಕದಂಬರ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಈ ಸೀಮೆಯ ಕೆರೆಗಳ ನೆತ್ತಿಯ ಮೇಲೆ ಕಾನು ಎಂಬ ನಿತ್ಯಹಸಿರು ಕಾಡಿನ ತುಂಡುಗಳಿದ್ದವು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆಯೇ ವರದಿ ಬರೆದರು. ಅವರು ಲೆಕ್ಕಕ್ಕೆ ಹಿಡಿದದ್ದು 171 ಕಾನು. ಸುತ್ತ ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು, ನಡುವೆ ನಡುವೆ ಸದಾ ತಣ್ಣಗಿರುವ ಹಸಿರು ತುಂಡುಗಳು. ಇವು ಬೆಂಕಿಯಿಂದ ಉಳಿದದ್ದು ದೇವರ ಕಾಡೆಂಬ ಭಯದಿಂದಷ್ಟೇ ಅಲ್ಲ. ಊರವರಿಗೆ ಅಲ್ಲಿ ಕಾಳುಮೆಣಸಿತ್ತು, ಬಗನಿಯ ಕಳ್ಳಿತ್ತು, ಅದಕ್ಕೆ ಕಂದಾಯವನ್ನೂ ಕಟ್ಟುತ್ತಿದ್ದರು. ಸುಟ್ಟರೆ ನಷ್ಟ ಯಾರದೆಂಬುದು ಗೊತ್ತಿತ್ತು. ಹಕ್ಕು ಸರ್ಕಾರದ ಕೈಗೆ ಹೋದ ಮೇಲೆ ಕಾವಲೂ ಅದರ ಜೊತೆಗೇ ಹೋಯಿತು. ಬಳಿಕ ಅಕೇಶಿಯಾ ಬಂತು. ಅದರ ದಪ್ಪ ಎಲೆ ಬೇಗ ಕೊಳೆಯುವುದಿಲ್ಲ, ರಾಶಿಬಿದ್ದು ಬೇಸಿಗೆಗೆ ಒಳ್ಳೆಯ ಸೌದೆಯಾಗುತ್ತದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಇಂಥ ನೆಡುತೋಪಿಗೆಂದು ಕೊಟ್ಟಿದ್ದ ಅರಣ್ಯದ 40 ವರ್ಷಗಳ ಗುತ್ತಿಗೆ 2020ರಲ್ಲಿ ಮುಗಿದಾಗ, ಕಾರ್ಖಾನೆ ನಿಂತು ವರ್ಷಗಳಾಗಿದ್ದರೂ ಸರ್ಕಾರ ಅದನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ಇದಕ್ಕಿಂತ ವಿಚಿತ್ರವಾದ ವ್ಯವಹಾರ ಹುಡುಕುವುದು ಕಷ್ಟ.

ಬೆಂಕಿಯೆಲ್ಲ ಕೆಟ್ಟದ್ದೇ ಎಂದು ಕೇಳುವವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುಂಚೆ 'ತರಗು ಬೆಂಕಿ' ಇಡುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತೆಂಬುದು ಅವರ ದೂರು. ಅದರಲ್ಲಿ ಸತ್ಯವಿದೆ. ಆದರೆ ಹೊತ್ತು ನೋಡಿ, ಗಾಳಿ ನೋಡಿ, ಗೊತ್ತಿದ್ದವರು ಇಡುವ ಸಣ್ಣ ಬೆಂಕಿ ಬೇರೆ. ಮಾರ್ಚ್ ಮಧ್ಯಾಹ್ನ ಬೀಡಿಯ ತುಂಡಿನಿಂದಲೋ ಹೊಲದಂಚಿನ ಕಸ ಸುಡುವವನ ಕೈಯಿಂದಲೋ ಏಳುವುದು ಬೇರೆ. ಕಾನಿನ ತೆಳುತೊಗಟೆಯ ಮರಗಳಂತೂ ಒಂದನ್ನೂ ತಾಳುವುದಿಲ್ಲ. ಬೆಂಕಿ ಹಾಕುವವರು ಊರವರೇ, ಅವರ ಕೈಗೇ ಕಾವಲು ಕೊಡುವುದೇ ಎಂಬುದು ಇನ್ನೊಂದು ಆಕ್ಷೇಪ. ಊರಿಗೆಲ್ಲ ಕಳ್ಳನ ಪಟ್ಟ ಕಟ್ಟಿದ್ದರಿಂದ ಬೆಂಕಿ ಕಡಿಮೆಯಾಗಿಲ್ಲವಲ್ಲ. ಉಪಗ್ರಹ ನೋಡಿ ಮೊಬೈಲಿಗೆ ಎಚ್ಚರಿಕೆ ಬರುತ್ತದೆ ನಿಜ, ಸೊಪ್ಪು ಹಿಡಿದು ಬಡಿದು ಆರಿಸಲು ಮಾತ್ರ ಹತ್ತಿರದ ಹಳ್ಳಿಯ ಜನವೇ ಬೇಕು. ಹೂಳೆಲ್ಲ ಬೆಂಕಿಯಿಂದಲೇ ಬರುವುದಿಲ್ಲ ಎಂಬ ಮಾತನ್ನು ಮಾತ್ರ ಪೂರ್ತಿ ಒಪ್ಪಬೇಕು. ಗುಡ್ಡದ ಬುಡಕ್ಕೆ ಹೊಡೆದ ಶುಂಠಿ, ಮೆಕ್ಕೆಜೋಳದ ಹೊಲಗಳ ಪಾಲು ದೊಡ್ಡದು. ಆದರೆ ಆ ಹೊಲಗಳ ಅಂಚೇ ಬೆಂಕಿ ಕಾಡಿಗೆ ನುಗ್ಗುವ ದಾರಿಯೂ ಹೌದು.

ಕೆರೆ ಹೂಳೆತ್ತಲು ಹಣ ಬಂದಾಗ ಜೆಸಿಬಿ ಏರಿಯ ಒಳಗಷ್ಟೇ ಓಡಾಡುತ್ತದೆ, ಮೇಲಿನ ಗುಡ್ಡ ಬೇರೆ ಇಲಾಖೆಯದೆಂದು ಅತ್ತ ಯಾರೂ ತಿರುಗುವುದಿಲ್ಲ. ಪ್ರತಿ ಕೆರೆಯ ಅಂದಾಜುಪಟ್ಟಿಯಲ್ಲೇ ಅದರ ಜಲಾನಯನದಲ್ಲಿ ಬೆಂಕಿ ದಾಟದಂತೆ ಸವರುವ ಬೆಂಕಿಗೆರೆಗೂ ಕಾವಲಿಗೂ ಒಂದು ಪಾಲು ಇರಲಿ. ಅಚ್ಚುಕಟ್ಟಿನ ರೈತರ ಸಂಘ ಜನವರಿಯೊಳಗೆ ಗೆರೆ ಸವರಿ, ಮಳೆ ಬೀಳುವವರೆಗೆ ಕೂಲಿ ಕೊಟ್ಟು ಆಳು ನಿಲ್ಲಿಸಲಿ. ಆ ವರ್ಷ ಗುಡ್ಡ ಸುಡದಿದ್ದರೆ ಸಂಘಕ್ಕೆ ಇಂತಿಷ್ಟೆಂದು ಹಣ, ದರಕು ಒಯ್ಯುವ ಹಕ್ಕು ಎರಡೂ ಸಿಗಲಿ. ಮೊದಲು ಕಾನುಗಳ ಕೆಳಗಿನ ಕೆರೆಗಳಲ್ಲಿ ಇದನ್ನು ಮಾಡಿ ನೋಡಬಹುದು, ಸೊರಬದ ಮಟ್ಟಿಗೆ ಪಟ್ಟಿಯನ್ನು 1868ರ ವರದಿಯಿಂದಲೇ ಶುರುಮಾಡಬಹುದು.