ಜೋಡಿ ಸವಾರಿಯ ಧರ್ಮ

ಗಂಡ ಹೆಂಡಿರು ಸಂಸಾರದ ಬಂಡಿಗೆ ಎರಡು ಚಕ್ರಗಳೆಂದು ಮದುವೆಯ ಮನೆಯಲ್ಲಿ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಬಂಡಿಯ ಚಕ್ರಗಳೆರಡಕ್ಕೂ ಅಚ್ಚು ಒಂದೇ. ಒಂದು ಮುಂದೆ ಹೋಗಿ ಇನ್ನೊಂದಕ್ಕಾಗಿ ಕಾಯುವ ಪ್ರಸಂಗ ಅಲ್ಲಿಲ್ಲ. ಆದರೆ ಒಬ್ಬೊಬ್ಬರಿಗೂ ಎರಡೆರಡು ಚಕ್ರಗಳನ್ನು ಕೊಟ್ಟು, ಇನ್ನೂರು ಕಿಲೊಮೀಟರು ದೂರವನ್ನು ಜೊತೆಯಾಗಿ ಕ್ರಮಿಸಿ ಬನ್ನಿರೆಂದು ಕಳುಹಿದರೆ, ಆ ಹಿರಿಯರ ಮಾತಿನ ಪರೀಕ್ಷೆ ಅಂದು ಬೆಳಗಿನ ಜಾವದಿಂದಲೇ ಆರಂಭವಾಗುತ್ತದೆ.

ಈ ಪರೀಕ್ಷೆಗೆ ತಾವಾಗಿಯೇ ಹೆಸರು ಕೊಡುವ ದಂಪತಿಗಳು ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿಯೂ ಕಾಣಸಿಗುತ್ತಾರೆ. ಇಂಥ ದೀರ್ಘ ಸವಾರಿಗೆ ಫ್ರೆಂಚ್ ಭಾಷೆಯಿಂದ ಬಂದ 'ಬ್ರೆವೆ' ಎಂಬ ಹೆಸರಿದೆ. ಪ್ರಮಾಣಪತ್ರವೆಂದು ಅದರ ಅರ್ಥ. ೧೯೦೪ರಲ್ಲಿ ಸ್ಥಾಪಿತವಾದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬು ಇದಕ್ಕೆ ಮೂಲಸಂಸ್ಥೆ. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ಸಂಸ್ಥೆಯ ಆಶ್ರಯದಲ್ಲಿ ಊರೂರಿನ ಕ್ಲಬ್ಬುಗಳು ಇವನ್ನು ನಡೆಸುತ್ತವೆ. ೨೦೦ ಕಿಲೊಮೀಟರಿಗೆ ಹದಿಮೂರೂವರೆ ಗಂಟೆ, ೩೦೦ಕ್ಕೆ ೨೦ ಗಂಟೆ, ೪೦೦ಕ್ಕೆ ೨೭, ೬೦೦ಕ್ಕೆ ೪೦ ಗಂಟೆ ಎಂದು ಕಾಲಮಿತಿ ಗೊತ್ತಾಗಿದೆ. ಮೊದಲು ಬಂದವರಿಗೆ ಬಹುಮಾನವಿಲ್ಲ. ಕೊನೆಗೆ ಬಂದವರಿಗೆ ಅವಮಾನವೂ ಇಲ್ಲ. ಗಡುವಿನೊಳಗೆ ಬಂದವರೆಲ್ಲರೂ ತೇರ್ಗಡೆಯಾದವರೇ. ದಾರಿಯ ನಡುವೆ ಅಲ್ಲಲ್ಲಿ ಇರುವ ಠಾಣೆಗಳಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿ ಹಾಕಬೇಕು. ಆ ಠಾಣೆಗಳ ಹೊರತು ಬೇರೆಲ್ಲಿಯೂ ಹಿಂದಿನಿಂದ ಕಾರಿನಲ್ಲಿ ಬಂದು ನೆರವಾಗುವುದು ನಿಷಿದ್ಧ. ಟ್ಯೂಬು ಒಡೆದರೆ ಸವಾರರೇ ಹಾಕಿಕೊಳ್ಳಬೇಕು. ಹಸಿದರೆ ದಾರಿಯ ಹೋಟೆಲನ್ನು ತಾವೇ ಹುಡುಕಿಕೊಳ್ಳಬೇಕು. ಜೊತೆಯ ಸವಾರರು ಮಾತ್ರ ಪರಸ್ಪರ ಸಹಾಯ ಮಾಡಬಹುದು. ದಂಪತಿಗಳಿಗೆ ಮುಖ್ಯವಾದ ನಿಯಮ ಇದೇ.

ಬೆಂಗಳೂರಿಗೆ ಸೈಕಲ್ಲು ಹೊಸದಲ್ಲ. ಕಾರ್ಖಾನೆಯ ಪಾಳಿಗೂ ಕಚೇರಿಗೂ ಸೈಕಲ್ಲಿನ ಮೇಲೆ ಹೋಗುತ್ತಿದ್ದ ತಲೆಮಾರು ಈ ನಗರದಲ್ಲಿ ಬಾಳಿದೆ. ಅಂದಿನ ಗೃಹಿಣಿಗೂ ಸೈಕಲ್ಲಿನಲ್ಲಿ ಒಂದು ಸ್ಥಾನವಿತ್ತು; ಅದು ಹಿಂದಿನ ಕ್ಯಾರಿಯರು. ಮಗು ಮುಂದಿನ ಅಡ್ಡಕಂಬಿಯ ಮೇಲೆ, ಮನೆಯಾಕೆ ಹಿಂದೆ, ಕೈಯಲ್ಲಿ ಚೀಲ. 'ಡಬಲ್ಸ್' ಹೋಗಬಾರದೆಂದು ಪೋಲೀಸಿನವರು ತಡೆಯುತ್ತಿದ್ದ ಕಾಲವೂ ಇತ್ತು; ಅವರನ್ನು ಕಂಡೊಡನೆ ಆಕೆ ಇಳಿದು ನಡೆಯುವಳು, ತಿರುವು ಕಳೆದ ಮೇಲೆ ಮತ್ತೆ ಹತ್ತುವಳು. ಇಂದು ಅದೇ ಮನೆತನದ ಸೊಸೆಯೋ ಮೊಮ್ಮಗಳೋ ತನ್ನದೇ ಹ್ಯಾಂಡಲನ್ನು ಹಿಡಿದಿದ್ದಾಳೆ. ಗಂಡ ಎಷ್ಟು ವೇಗವಾಗಿ ತುಳಿದರೂ ಆಕೆ ತಾನೇ ತುಳಿಯದೆ ಒಂದು ಅಂಗುಲವೂ ಮುಂದೆ ಸಾಗುವುದಿಲ್ಲ. ಹಕ್ಕು ಹೊಸದು, ಅದರೊಂದಿಗೆ ಬಂದ ತೊಡಕೂ ಹೊಸದು.

ಜಗತ್ತಿನ ದೃಷ್ಟಿಯಿಂದ ನೋಡಿದರೆ ದಂಪತಿಗಳ ಸೈಕಲ್ ಯಾತ್ರೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಪತಿ ವಿಲಿಯಂ ಹಂಟರ್ ವರ್ಕ್‌ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭರತಖಂಡದಲ್ಲಿ ಸೈಕಲ್ ಸಂಚಾರ ಮಾಡಿದರು. ದೇವಾಲಯಗಳನ್ನೂ ಊರುಗಳನ್ನೂ ನೋಡುತ್ತ ಸುತ್ತಿದ ದೂರವನ್ನು, ೧೯೦೪ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರಿನಲ್ಲಿಯೇ ೧೪,೦೦೦ ಮೈಲಿ ಎಂದು ನಮೂದಿಸಲಾಗಿದೆ. ಮುಂದೆ ಪರ್ವತಾರೋಹಣಕ್ಕೆ ತೊಡಗಿದ ಫ್ಯಾನಿ, ೧೯೧೨ರಲ್ಲಿ ಸಿಯಾಚಿನ್ ಪ್ರದೇಶದ ಹಿಮದ ಮೇಲೆ ನಿಂತು, ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂಬ ಪತ್ರವನ್ನು ಹಿಡಿದು ಚಿತ್ರ ತೆಗೆಸಿಕೊಂಡಳು.

ಬ್ರೆವೆಗಳ ಪೈಕಿ ಅತಿ ಪ್ರಸಿದ್ಧವಾದುದು ಪ್ಯಾರಿಸ್ಸಿನಿಂದ ಬ್ರೆಸ್ತ್ ಬಂದರಿಗೆ ಹೋಗಿ ಹಿಂದಿರುಗುವ ೧೨೦೦ ಕಿಲೊಮೀಟರಿನ ಸವಾರಿ. ೧೮೯೧ರಲ್ಲಿ ಅದು ಪಂದ್ಯವಾಗಿ ಆರಂಭವಾದಾಗ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ೧೯೩೧ರಲ್ಲಿ ಹವ್ಯಾಸಿಗಳಿಗಾಗಿ ಪ್ರತ್ಯೇಕವಾಗಿ ಏರ್ಪಟ್ಟಾಗ, ಪತಿಯೊಡನೆ ಜೋಡಿ ಸೈಕಲ್ಲಿನ ಮೇಲೆ ಶ್ರೀಮತಿ ದಾನಿ ಎಂಬಾಕೆಯೂ, ಒಂಟಿಯಾಗಿ ಕುಮಾರಿ ವಾಸಾರ್ ಎಂಬಾಕೆಯೂ ಅದನ್ನು ಪೂರ್ಣಗೊಳಿಸಿದರು. ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಈ ಸವಾರಿಗೆ ತೊಂಬತ್ತು ಗಂಟೆಗಳ ಗಡುವು. ೨೦೧೯ರಲ್ಲಿಯೂ ೨೦೨೩ರಲ್ಲಿಯೂ ಭಾರತೀಯರು ಅದರಲ್ಲಿ ಭಾಗವಹಿಸಿದರು.

ಅಷ್ಟು ದೂರದ ಮಾತು ಹಾಗಿರಲಿ. ಹೊಸ ತಿಪ್ಪಸಂದ್ರದಲ್ಲಿ ವಾಸಿಸುವ ಒಂದು ದಂಪತಿಯನ್ನು ಕಲ್ಪಿಸಿಕೊಳ್ಳಬಹುದು. ಇಬ್ಬರಿಗೂ ಕೆಲಸವಿದೆ, ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದೆ, ವಯಸ್ಸಾದ ಅತ್ತೆಯಿದ್ದಾರೆ. ಮನೆಯಿಂದ ಹೊರಟು ಹಳೆಯ ಮದ್ರಾಸು ರಸ್ತೆಯನ್ನು ಸೇರಿ, ಕೃಷ್ಣರಾಜಪುರದ ತೂಗುಸೇತುವೆಯನ್ನು ಲಾರಿಗಳ ದಟ್ಟಣೆಗೆ ಮುನ್ನವೇ ದಾಟಿದರೆ, ಸುಮಾರು ಇಪ್ಪತ್ತು ಕಿಲೊಮೀಟರಿಗೆ ಹೊಸಕೋಟೆ ಸಿಕ್ಕುತ್ತದೆ. ಅದೇ ರಸ್ತೆಯಲ್ಲಿ ಕೋಲಾರವನ್ನು ಕಳೆದು, ದೋಸೆಗೆ ಹೆಸರಾದ ಮುಳಬಾಗಿಲನ್ನು ಮುಟ್ಟಿ, ಇನ್ನೂ ಸ್ವಲ್ಪ ಮುಂದೆ ಹೋಗಿ ಹಿಂದಿರುಗಿದರೆ ಇನ್ನೂರು ಕಿಲೊಮೀಟರು ತುಂಬುತ್ತದೆ. ಅಲ್ಲಿಗೆ ಬಸ್ಸಿನಲ್ಲಿ ಹೋಗಿಬಂದವರಿಗೆ ದಾರಿ ಸಮತಟ್ಟಾಗಿ ಕಂಡಿರುತ್ತದೆ. ಅದರ ಏರಿಳಿತಗಳೆಷ್ಟೆಂಬುದು ಮೊಳಕಾಲಿಗೇ ಗೊತ್ತು.

ಗಡುವಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಲೇಸು. ಗಂಟೆಗೆ ೨೦ ಕಿಲೊಮೀಟರಿನಂತೆ ತುಳಿದರೆ ಇನ್ನೂರಕ್ಕೆ ಹತ್ತು ಗಂಟೆ. ತಿಂಡಿಗೂ ವಿಶ್ರಾಂತಿಗೂ ಪಂಕ್ಚರಿಗೂ ಮೂರೂವರೆ ಗಂಟೆ ಉಳಿಯುತ್ತದೆ. ೧೭ ಕಿಲೊಮೀಟರಿನಂತೆ ತುಳಿದರೆ ಉಳಿಯುವುದು ಒಂದೂಮುಕ್ಕಾಲು ಗಂಟೆ ಮಾತ್ರ. ದಂಪತಿಗಳ ಲೆಕ್ಕವನ್ನು ಇಬ್ಬರಲ್ಲಿ ನಿಧಾನವಾದವರ ವೇಗದಿಂದ ಹಾಕಬೇಕೇ ಹೊರತು ಇಬ್ಬರ ಸರಾಸರಿಯಿಂದಲ್ಲ. ಅನೇಕರು ಇಲ್ಲಿಯೇ ಎಡವುತ್ತಾರೆ. ನಿಧಾನವಾದವರು ಹೆಂಡತಿಯೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ನೂರೈವತ್ತು ಕಿಲೊಮೀಟರು ಕಳೆದ ಮೇಲೆ, ಬೆಳಿಗ್ಗೆ ಉತ್ಸಾಹದಿಂದ ಹಾರಿದ ಯಜಮಾನರು ಹಿಂದೆ ಬಿದ್ದು, ಒಂದೇ ಹದದಲ್ಲಿ ತುಳಿಯುತ್ತ ಬಂದ ಮನೆಯಾಕೆ ಮುಂದಾಗುವುದೂ ಉಂಟು. ಆಗ ಕಾಲಿನ ನೋವಿಗಿಂತ ಅಭಿಮಾನದ ನೋವೇ ದೊಡ್ಡದಾಗುವುದೆಂಬುದನ್ನು ಯಜಮಾನರು ಮುಂಚೆಯೇ ಯೋಚಿಸಿಟ್ಟುಕೊಂಡಿರಬೇಕು.

ಇಂಥ ಸವಾರಿಯಲ್ಲಿ ನಿಜವಾದ ಕಷ್ಟ ಏರಿನ ತುದಿಯಲ್ಲಿ ಕಾದಿರುತ್ತದೆ. ಬೆಂಗಳೂರಿನ ಸವಾರರಿಗೆಲ್ಲ ಪರಿಚಿತವಾದ ನಂದಿಬೆಟ್ಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬುಡದಿಂದ ತುದಿಗೆ ಏಳೆಂಟು ಕಿಲೊಮೀಟರು. ಒಬ್ಬರಿಗೆ ಮುಕ್ಕಾಲು ಗಂಟೆ, ಇನ್ನೊಬ್ಬರಿಗೆ ಒಂದು ಗಂಟೆ ಹಿಡಿಯಿತೆಂದು ಇಟ್ಟುಕೊಂಡರೆ, ಮುಂದೆ ಬಂದವರು ಕಾಲುಗಂಟೆ ಕಾಯುತ್ತಾರೆ. ಹಿಂದೆ ಉಳಿದವರು ಏದುಸಿರು ಬಿಡುತ್ತ ಬಂದು ತಲುಪುತ್ತಾರೆ. ಕಾಯುತ್ತಿದ್ದವರು, "ಬಂದೆಯಾ? ಸರಿ, ಹೊರಡೋಣ, ಹೊತ್ತಾಯಿತು" ಎಂದು ಸೈಕಲ್ಲು ಏರಿಬಿಡುತ್ತಾರೆ. ಅವರ ಮನಸ್ಸಿನಲ್ಲಿ ಕಾಲುಗಂಟೆ ಕಾದ ಉಪಕಾರದ ಭಾವನೆಯಿರುತ್ತದೆ. ಆದರೆ ವಿಶ್ರಾಂತಿ ದೊರೆತದ್ದು ಯಾರಿಗೆ? ಬಲವುಳ್ಳವರಿಗೆ ಕಾಲುಗಂಟೆ, ದಣಿದವರಿಗೆ ಒಂದು ನಿಮಿಷವೂ ಇಲ್ಲ. ದಿನದಲ್ಲಿ ನಾಲ್ಕು ಸಲ ಹೀಗಾದರೆ, ಗಟ್ಟಿಗರು ಒಂದು ಗಂಟೆ ಕುಳಿತಿರುತ್ತಾರೆ, ದುರ್ಬಲರು ದಿನವೆಲ್ಲ ತುಳಿದಿರುತ್ತಾರೆ. ಕೊನೆಗೆ, "ನಿನ್ನಿಂದ ತಡವಾಯಿತು" ಎಂಬ ಮಾತು ಬಾಯಿಂದ ಬಾರದಿದ್ದರೂ ಮುಖದಲ್ಲಿ ಬಂದೇ ಬರುತ್ತದೆ. ದಯೆಯಿಂದ ಕಾದವರೇ ತಮಗರಿವಿಲ್ಲದೆ ಜೊತೆಯವರನ್ನು ಸೋಲಿಸಿದಂತಾಗುತ್ತದೆ.

ಇದಕ್ಕೆ ಪರಿಹಾರ ಬಲು ಸುಲಭ. ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಕೊನೆಗೆ ಬಂದವರೇ ನಿರ್ಧರಿಸಬೇಕು. ಅವರು ಹತ್ತಿದ ಮೇಲೆಯೇ ಉಳಿದವರು ಹತ್ತಬೇಕು. ಮುಂಚೆ ತಲುಪಿದವರು ಆ ಕಾಲುಗಂಟೆಯಲ್ಲಿ ಸೀಸೆಗಳಿಗೆ ನೀರು ತುಂಬಿಸಿ, ಬಾಳೆಹಣ್ಣು ಕೊಂಡು, ತಟ್ಟೆ ಇಡ್ಲಿಗೆ ಹೇಳಿಟ್ಟಿದ್ದರೆ ಕಾಯುವಿಕೆ ಸಾರ್ಥಕವಾಗುತ್ತದೆ. ಬಯಲಿನಲ್ಲಿ ಎದುರುಗಾಳಿ ಬೀಸುವಾಗ ಬಲವುಳ್ಳವರು ಮುಂದಿರಬೇಕು. ಹಿಂದಿನ ಸೈಕಲ್ಲಿಗೆ ಗಾಳಿಯ ಹೊಡೆತ ಅಷ್ಟರಮಟ್ಟಿಗೆ ತಗ್ಗುತ್ತದೆ. ಆದರೆ ಮುಂದಿರುವವರು ಆಗಾಗ ಹಿಂದಿರುಗಿ ನೋಡದೆ ವೇಗ ಹೆಚ್ಚಿಸಿದರೆ ಅಂತರ ಬೀಳುತ್ತದೆ. ಹತ್ತು ಮಾರು ಅಂತರ ಬಿದ್ದರೆ ಆ ಮರೆಯೂ ಇಲ್ಲ, ಜೊತೆಯೂ ಇಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಇಬ್ಬರಲ್ಲಿ ಒಬ್ಬರಿಗೆ ಮುಂದುವರಿಯಲು ಆಗದಿದ್ದರೆ ಮತ್ತೊಬ್ಬರು ಏನು ಮಾಡಬೇಕು? ನಿಯಮಾವಳಿಯಲ್ಲಿ ದಂಪತಿ ಎಂಬ ವರ್ಗವಿಲ್ಲ. ಬೇರೆ ಬೇರೆ ಸೈಕಲ್ಲುಗಳಲ್ಲಿ ಹೊರಟವರ ಕಾರ್ಡುಗಳೂ ಬೇರೆ ಬೇರೆ. "ನೀವು ಮುಂದೆ ಹೋಗಿರಿ, ನಾನು ಬಸ್ಸಿಗೆ ಬರುತ್ತೇನೆ" ಎಂದು ಹೆಂಡತಿ ಹೇಳುತ್ತಾಳೆ. "ನೀನಿಲ್ಲದೆ ನನಗೂ ಬೇಡ" ಎಂದು ಗಂಡ ಹೇಳುತ್ತಾನೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಆ ಕ್ಷಣದಲ್ಲಿ ಆಡಿದ ಒಳ್ಳೆಯ ಮಾತು ಆರು ತಿಂಗಳ ಮೇಲೆ ಮತ್ತೊಂದು ಜಗಳದ ನಡುವೆ ಸಾಲಪತ್ರದಂತೆ ಹೊರಗೆ ಬರುವುದುಂಟು. "ಅಂದು ನಿನಗಾಗಿ ಬಿಟ್ಟೆ" ಎಂದು ಒಬ್ಬರು, "ಬಿಡಿ ಎಂದು ನಾನು ಕೇಳಿದ್ದೆನೇ?" ಎಂದು ಇನ್ನೊಬ್ಬರು.

ಆದುದರಿಂದ ಈ ತೀರ್ಮಾನವನ್ನು ಬಿಸಿಲಿನಲ್ಲಿ ದಣಿದು ನಿಂತಾಗ ಮಾಡಬಾರದು. ಹಿಂದಿನ ರಾತ್ರಿ, ಪಂಪು ದೀಪಗಳನ್ನು ಜೋಡಿಸಿಕೊಳ್ಳುವಾಗಲೇ ಮಾಡಬೇಕು. ಹೋದರೆ ಇಬ್ಬರೂ, ಇಲ್ಲದಿದ್ದರೆ ಇಬ್ಬರೂ ಇಲ್ಲ ಎಂದಾದರೂ ಒಪ್ಪಬಹುದು. ನಿಂತವರನ್ನು ಕ್ಷೇಮವಾದ ಸ್ಥಳಕ್ಕೆ ಸೇರಿಸಿ ಉಳಿದವರು ಮುಂದುವರಿಯುವುದು ಎಂದಾದರೂ ಒಪ್ಪಬಹುದು. ಯಾವುದಾದರೂ ಸರಿ, ಒಪ್ಪಂದ ಸ್ಪಷ್ಟವಾಗಿದ್ದರಾಯಿತು. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಯಾರನ್ನೂ ಒಂಟಿಯಾಗಿ ಬಿಡಬಾರದೆಂಬುದು ಮಾತ್ರ ಎರಡಕ್ಕೂ ಸಲ್ಲುವ ನಿಯಮ. ಆಯಾಸಕ್ಕೂ ಅಪಾಯಕ್ಕೂ ಇರುವ ಭೇದವನ್ನೂ ತಿಳಿದಿರಬೇಕು. ಬರಿಯ ಆಯಾಸವಾದರೆ ನೆರಳಿನಲ್ಲಿ ಅರ್ಧಗಂಟೆ ಕುಳಿತು, ಏನಾದರೂ ತಿಂದು, ಉಪ್ಪು ಹಾಕಿದ ಮಜ್ಜಿಗೆ ಕುಡಿದು ಮತ್ತೆ ಯೋಚಿಸಬಹುದು. ತಲೆ ಸುತ್ತಿದರೆ, ಎದೆ ಹಿಡಿದರೆ, ಮೊಳಕಾಲು ಊದಿಕೊಂಡರೆ ಚರ್ಚೆಗೆ ಅವಕಾಶವಿಲ್ಲ. ಅಲ್ಲಿಗೆ ಸವಾರಿ ಮುಗಿಯಿತು.

ಇಷ್ಟೆಲ್ಲ ರಸ್ತೆಯ ಮಾತಾಯಿತು. ಆದರೆ ಸವಾರಿಯ ಅರ್ಧ ಭಾಗ ಮನೆಯಲ್ಲಿಯೇ ನಡೆಯುತ್ತದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಐದಕ್ಕೆದ್ದು ಗಂಡ ಹೊಸಕೋಟೆಯವರೆಗೆ ತುಳಿದು ಬರುತ್ತಾನೆ. ಅದೇ ಹೊತ್ತಿನಲ್ಲಿ ಹೆಂಡತಿ ಮಗುವಿನ ಡಬ್ಬಿಗೆ ಚಿತ್ರಾನ್ನ ಕಲೆಸುತ್ತಿರುತ್ತಾಳೆ. ಮೂರು ತಿಂಗಳ ಅನಂತರ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತು ಹೊರಟಾಗ ಆಕೆ ಹಿಂದೆ ಬಿದ್ದರೆ ಅದಕ್ಕೆ ಆಕೆಯ ಕಾಲುಗಳು ಕಾರಣವಲ್ಲ, ಅಡಿಗೆಮನೆಯ ಗಡಿಯಾರ ಕಾರಣ. ಜೊತೆಯಾಗಿ ಸವಾರಿ ಮಾಡಬೇಕೆನ್ನುವವರು ಅಭ್ಯಾಸದ ಬೆಳಗುಗಳನ್ನು ಸಮನಾಗಿ ಹಂಚಿಕೊಳ್ಳಬೇಕು: ಆಕೆಯ ದಿನಗಳಲ್ಲಿ ಒಲೆಯ ಮುಂದೆ ಆತ, ಆತನ ದಿನಗಳಲ್ಲಿ ಆಕೆ. ಭಾನುವಾರ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಇಬ್ಬರೂ ಹೊರಡುವಾಗ, ಆ ಅಜ್ಜಿಗೂ ಒಂದು ಬಿಡುವಿನ ದಿನ ಸಲ್ಲಬೇಕೆಂಬುದನ್ನು ಮರೆಯಬಾರದು.

ಒಡನೆಯೇ ಬ್ರೆವೆಗೆ ಧುಮುಕಲು ಅಳುಕುವವರಿಗೆ ಬೇರೆ ದಾರಿಗಳೂ ಇವೆ. ಬೆಂಗಳೂರಿನ ಸೈಕಲ್ ಪ್ರಿಯರು ೨೦೦೮ರಲ್ಲಿ ಆರಂಭಿಸಿದ ನೀಲಗಿರಿ ಯಾತ್ರೆ ಅಂಥದೊಂದು. ಹಲವು ದಿನಗಳ ಕಾಲ ನಡೆಯುವ ಆ ಯಾತ್ರೆಯಲ್ಲಿ ಸಾಮಾನು ಹೊರಲು ವಾಹನವೂ, ಸೈಕಲ್ಲು ಕೆಟ್ಟರೆ ಸರಿಪಡಿಸಲು ಮೆಕ್ಯಾನಿಕ್ಕೂ ಇರುತ್ತಾರೆ. ಆದರೆ ಮಸಿನಗುಡಿಯಿಂದ ಉದಕಮಂಡಲಕ್ಕೆ ಹತ್ತುವ ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳು ವಾಹನವಿದೆಯೆಂದು ಸೌಮ್ಯವಾಗುವುದಿಲ್ಲ. ದಾನಿ ದಂಪತಿಯಂತೆ ಜೋಡಿ ಸೈಕಲ್ಲನ್ನು ಆರಿಸಿಕೊಳ್ಳುವುದು ಮತ್ತೊಂದು ಉಪಾಯ. ಅದು ಸಮತಟ್ಟಿನಲ್ಲಿಯೂ ಇಳಿಜಾರಿನಲ್ಲಿಯೂ ಚುರುಕು, ಏರಿನಲ್ಲಿ ಭಾರ. ಒಬ್ಬರು ಮುಂದೆ ಹೋಗಿ ಕಾಯುವ ಪ್ರಶ್ನೆ ಅಲ್ಲಿಲ್ಲ. ಆದರೆ ಹ್ಯಾಂಡಲೂ ಬ್ರೇಕೂ ಸಾಮಾನ್ಯವಾಗಿ ಮುಂದಿನವರ ಕೈಯಲ್ಲಿ. ಹಿಂದಿನವರಿಗೆ ರಸ್ತೆಯೇ ಕಾಣುವುದಿಲ್ಲ. ಗುಂಡಿ ಬಂತು, ತಿರುವು ಬಂತು, ನಿಲ್ಲಿಸುತ್ತೇನೆ ಎಂದು ಮುಂದಿನವರು ಬಾಯಿಬಿಟ್ಟು ಹೇಳುತ್ತಲೇ ಇರಬೇಕು. ಮನೆಯಲ್ಲಿ ಮಿತಭಾಷಿಗಳಾದ ಯಜಮಾನರಿಗೆ ಇದೊಂದು ಒಳ್ಳೆಯ ಪಾಠ.

ಹದಿಮೂರೂವರೆ ಗಂಟೆಗಳ ಕೊನೆಯಲ್ಲಿ ದೊರೆಯುವುದು ಒಂದು ದಾಖಲೆ. ಹೆಚ್ಚೆಂದರೆ ಒಂದು ಪದಕ. ಅದನ್ನು ಗೋಡೆಗೆ ತೂಗುಹಾಕಬಹುದು. ಆದರೆ ಮಾರನೆಯ ಬೆಳಿಗ್ಗೆ ತೊಡೆಗಳು ಬಿಗಿದು, ಮೆಟ್ಟಿಲು ಇಳಿಯುವುದೇ ಒಂದು ಸಾಹಸವಾಗಿರುವಾಗ, ಹಾಲು ತರಲು ಕೆಳಗೆ ಹೋಗುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದನ್ನೂ ಮುಂಚಿತವಾಗಿಯೇ ಗೊತ್ತುಮಾಡಿಕೊಂಡಿರುವ ದಂಪತಿ ಮುನ್ನೂರರ ಸವಾರಿಗೂ ಧೈರ್ಯವಾಗಿ ಹೆಸರು ಕೊಡಬಹುದು.