ಬೇಗೂರಿನ ವೀರಗಲ್ಲು ಬೇಗೂರಿಗೆ ಮರಳಬೇಕೇ?

ಬಿಟಿಎಂ ಲೇಔಟಿನ ದಕ್ಷಿಣಕ್ಕಿರುವ ಬೇಗೂರು ಗಂಗರ ಕಾಲದ ಊರು. ಆಗಿನ ಹೆಸರು ಬೆಂಪೂರು. ಗಂಗರ ಪರವಾಗಿ ಕಾದಿದ ನಾಗತ್ತರನ ಹೆಸರುಳ್ಳ ಎರಡು ಶಾಸನಗಳು ಇಲ್ಲಿ ದೊರೆತಿವೆ. ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ಕಲ್ಲು ನಾಗೇಶ್ವರ ದೇವಾಲಯದ ಆವರಣದಲ್ಲೇ ಉಳಿದಿದೆ. ಇನ್ನೊಂದು ನಾಗತ್ತರನದೇ ವೀರಗಲ್ಲು. ಗಂಗ ಎರೆಯಪ್ಪನ ಆಣತಿಯಂತೆ ಅಯ್ಯಪದೇವನ ನೆರವಿಗೆ ಹೋದ ಅವನು ವೀರಮಹೇಂದ್ರನ ಪಡೆಯೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದ. ಕದನದ ದೃಶ್ಯವನ್ನು ಕಡೆದಿರುವ ಈ ಕಲ್ಲು 1865ರಲ್ಲಿ ಸ್ಥಾಪನೆಯಾದ, ಈಗ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ಅದನ್ನು ಊರಿಗೆ ಹಿಂದಿರುಗಿಸಬೇಕೇ ಎಂಬುದು ಪ್ರಶ್ನೆ.

ಪರ

ವೀರಗಲ್ಲು ಬರೀ ಶಿಲ್ಪವಲ್ಲ; ಮಡಿದವನ ಸ್ಮಾರಕವೂ ನೆಲದ ದಾಖಲೆಯೂ ಹೌದು. ನಾಗತ್ತರ ಸತ್ತ ಮೇಲೆ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ‘ಬೆಂಪೂರು ಹನ್ನೆರಡು’ ಎಂಬ ಹನ್ನೆರಡು ಹಳ್ಳಿಗಳ ಗುಂಪನ್ನು ದತ್ತಿ ಕೊಟ್ಟನೆಂದು ಶಾಸನ ಹೇಳುತ್ತದೆ. ಆ ನೆಲದಲ್ಲಿ ನಿಂತು ಓದಿದರೆ ಇದು ಊರಿನ ಚರಿತ್ರೆ. ಸಾಲು ಕಲ್ಲುಗಳ ನಡುವೆ ಇಟ್ಟರೆ ಗಂಗರ ಕಾಲದ ಒಂದು ಮಾದರಿ ಮಾತ್ರ.

1799ರಲ್ಲಿ ಶ್ರೀರಂಗಪಟ್ಟಣದಿಂದ ಲೂಟಿಯಾಗಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಹುಲಿ ಮೂಲಸ್ಥಾನಕ್ಕೆ ಬರಬೇಕೆನ್ನುವವರು, ರಾಜಧಾನಿಯ ಮುಂದೆ ಊರಿಗಿರುವ ಹಕ್ಕನ್ನೂ ಪರಿಗಣಿಸಬೇಕಾಗುತ್ತದೆ. ಐಹೊಳೆ, ಬಾದಾಮಿ, ಹಳೇಬೀಡುಗಳಲ್ಲಿ ಸಿಕ್ಕ ಶಿಲ್ಪಗಳನ್ನು ಅಲ್ಲಲ್ಲೇ ಕಾಯುವ ವಸ್ತುಸಂಗ್ರಹಾಲಯಗಳಿವೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು 750ರ ಕಿತ್ತಯ್ಯನ ಶಾಸನಕ್ಕೆ ಸ್ಥಳದಲ್ಲೇ ಮಂಟಪವಾಯಿತು. ಜನ ಮನಸ್ಸು ಮಾಡಿದರೆ ಊರಿನಲ್ಲೂ ಕಲ್ಲು ಉಳಿಯುತ್ತದೆ.

ವಿರೋಧ

ಲೂಟಿಗೂ ಸ್ಥಳಾಂತರಕ್ಕೂ ವ್ಯತ್ಯಾಸವಿದೆ. 1970ರ ಯುನೆಸ್ಕೋ ಒಪ್ಪಂದದ ಗುರಿ ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಆಮದು, ರಫ್ತು ಮತ್ತು ಹಸ್ತಾಂತರವನ್ನು ತಡೆಯುವುದು. ಬೇಗೂರಿನ ಕಲ್ಲು ಗಡಿ ದಾಟಿಲ್ಲ, ಹರಾಜಾಗಿಲ್ಲ. ಅದೇ ನಗರದ ಸಾರ್ವಜನಿಕ ಸಂಸ್ಥೆಯಲ್ಲಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಿಜವಾದ ಲೂಟಿಯ ವಿರುದ್ಧದ ವಾದವೇ ಸಡಿಲವಾಗುತ್ತದೆ.

ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ದಾಖಲಿಸಿತು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಬಡಾವಣೆ, ರಸ್ತೆ, ಚರಂಡಿಗಳ ಕೆಲಸದಲ್ಲಿ ಕಾಣೆಯಾದವು. ಹೆಬ್ಬಾಳದ ಕಲ್ಲು ಉಳಿದದ್ದು ಆಸಕ್ತರ ಕಣ್ಣಿಗೆ ಸಕಾಲದಲ್ಲಿ ಬಿದ್ದುದರಿಂದ. ರಕ್ಷಣೆಯನ್ನು ಅಂಥ ಅದೃಷ್ಟಕ್ಕೆ ಬಿಡಲಾಗದು. ಊರಿನಲ್ಲಿ ಭಕ್ತಿಯೂ ಅಪಾಯವೇ: ಎಣ್ಣೆ, ಸುಣ್ಣ, ಬಣ್ಣ ಅಕ್ಷರಗಳನ್ನು ಮುಚ್ಚುತ್ತವೆ. ಇದೇ ವಸ್ತುಸಂಗ್ರಹಾಲಯದಲ್ಲಿ ಕಾಳಿ ಎಂಬ ನಾಯಿಯನ್ನು ನೆನೆಯುವ ಆತಕೂರಿನ ಕಲ್ಲೂ (949–50) ಇರುವುದರಿಂದ ಗಂಗನಾಡಿನ ಶಾಸನಗಳ ಹೋಲಿಕೆಯ ಅಧ್ಯಯನಕ್ಕೆ ಅನುಕೂಲ.

ನಡುವಿನ ದಾರಿ

ಹಲ್ಮಿಡಿಯಲ್ಲಿ ಶಾಸನದ ಪ್ರತಿಕೃತಿ ನಿಂತಿದೆ, ಮೂಲ ಮೈಸೂರಿನಲ್ಲಿದೆ. ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದರಿಂದ ನಿಖರವಾದ ಪ್ರತಿಕೃತಿ ಈಗ ಸುಲಭ. ಹಲ್ಮಿಡಿಯ ಕ್ರಮವನ್ನು ತಿರುಗಿಸಿ, ಪ್ರತಿಕೃತಿ ವಸ್ತುಸಂಗ್ರಹಾಲಯದಲ್ಲಿ ಇರಲಿ, ಮೂಲ ಊರಿಗೆ ಬರಲಿ ಎಂಬುದು ಪರವಾದಿಗಳ ಬೇಡಿಕೆ. ಬೇಗೂರಿನಲ್ಲಿ ಭದ್ರ ಕಟ್ಟಡ, ಕಾವಲು, ಹೊಣೆ ಹೊರುವ ಅಧಿಕಾರಿ ಇವೆಲ್ಲ ಮೊದಲು ಆಗಲಿ ಎಂಬುದು ವಿರೋಧಿಗಳ ಷರತ್ತು. ಆ ಷರತ್ತು ಈಡೇರಿದರೆ ರಕ್ಷಣೆಯ ಆಕ್ಷೇಪ ಬಿದ್ದುಹೋಗುತ್ತದೆ. ಅಧ್ಯಯನದ ಅನುಕೂಲವೊಂದೇ ಚರ್ಚೆಗೆ ಉಳಿಯುತ್ತದೆ.